ಮನೆಯ ಕಂಪ್ಯೂಟರಿಗೆ ಮಿರರ್ ಡಿಸ್ಕ್: ಪ್ರಶ್ನೋತ್ತರ

ಸದಸ್ಯ 1: 4 ಟಿಬಿ ಜೊತೆ 6 ಟಿಬಿ ಹಾಕಿ ರೇಡ್ 1 ಮಾಡಿದ್ರೆ ಎಷ್ಟು ಜಾಗ ಸಿಗುತ್ತೆ ಸರ್?

ತಂತ್ರಜ್ಞ: 4 ಟಿಬಿ. ರೇಡ್ 1 ಅಂದ್ರೆ ಮಿರರ್, ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾದ ನಕಲು. ಹಾಗಾಗಿ ಚಿಕ್ಕದರಷ್ಟೇ ಜಾಗ.

ಸದಸ್ಯ 2: ಮಿರರ್ ಇದ್ರೆ ಬ್ಯಾಕಪ್ ಬೇಡ ಅಲ್ವಾ?

ತಂತ್ರಜ್ಞ: ಬೇಕು. ಒಂದರಲ್ಲಿ ಅಳಿಸಿದ್ದು ಆ ಕ್ಷಣಕ್ಕೇ ಇನ್ನೊಂದರಲ್ಲೂ ಅಳಿಯುತ್ತೆ.

ಸದಸ್ಯೆ 3: ಹಳೇ ಡಿಸ್ಕಿನಲ್ಲಿ ಮಕ್ಕಳ ಫೋಟೋ ಇವೆ, ಬೇರೆಲ್ಲೂ ಇಲ್ಲ. ಈಗ ಟಕ್ ಟಕ್ ಸದ್ದು. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸಿ5 ಸಾಲು ನಿನ್ನೆ 8, ಇವತ್ತು 48. ಹೊಸ ಡಿಸ್ಕ್ ತಂದಿದ್ದೀನಿ, ಮಿರರ್ ಮಾಡಲಾ? ‘ಮೊದಲು ವಿಂಡೋಸಿನ ಡಿಸ್ಕ್ ದೋಷ ತಿದ್ದೋ ಚೆಕ್‌ಡಿಸ್ಕ್ ಓಡಿಸಿ, ಆಗದಿದ್ರೆ ಫ್ರೀಜರಿನಲ್ಲಿಡಿ’ ಅಂತ ಫಾರ್ವರ್ಡ್ ಬಂದಿದೆ.

ತಂತ್ರಜ್ಞ: ಈಗಲೇ ಕಂಪ್ಯೂಟರ್ ಆಫ್ ಮಾಡಿ, ಆಮೇಲೆ ಓದಿ. ಸಿ5 ಅಂದ್ರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ತುಣುಕುಗಳು). ಆ ತಂತ್ರಾಂಶ ಸಾಮಾನ್ಯವಾಗಿ ಹದಿನಾರರ ಲೆಕ್ಕದಲ್ಲಿ ತೋರಿಸುತ್ತೆ, ಹಾಗಾದ್ರೆ ನಿಮ್ಮ 48 ನಿಜವಾಗಿ 72 (4×16 + 8). ಒಂದೇ ದಿನದಲ್ಲಿ 8ರಿಂದ 72! ಸಾಯುತ್ತಿರೋ ಡಿಸ್ಕಿಗೆ ಜೋಡಿ ಕಟ್ಟಬಾರದು. ಮಿರರ್ ಮಾಡೋಕೆ ವಿಂಡೋಸಿನಲ್ಲೇ ಇರೋ ಸ್ಟೋರೇಜ್ ಸ್ಪೇಸಸ್‌ಗೆ ಸೇರಿಸಿದ್ರೆ ಡಿಸ್ಕಿನಲ್ಲಿರೋದನ್ನೆಲ್ಲ ಅಳಿಸಿಯೇ ಒಳಗೆ ತಗೊಳ್ಳುತ್ತೆ. ಚೆಕ್‌ಡಿಸ್ಕ್ ಆ ಕೆಟ್ಟ ಡಿಸ್ಕಿನ ಮೇಲೇ ತಿದ್ದಿ ಬರೆಯುತ್ತೆ. ಫ್ರೀಜರಿನಿಂದ ತೆಗೆದ ಡಿಸ್ಕಿನ ಮೇಲೆ ತೇವ ಕಟ್ಟುತ್ತೆ. ದಯವಿಟ್ಟು ಇಂಥವನ್ನ ಫಾರ್ವರ್ಡ್ ಮಾಡೋದು ನಿಲ್ಲಿಸಿ, ಜನರ ಫೋಟೋ ಹೋಗ್ತಿವೆ.
ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡೋ ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕಿನಿಂದ ಓದಲಾದಷ್ಟನ್ನ ನಕಲು ಮಾಡೋ ಜಿಎನ್‌ಯು ಡಿಡಿರೆಸ್ಕ್ಯೂನಿಂದ ಹಳೇದನ್ನ ಹೊಸದಕ್ಕೆ ಇಳಿಸಿ. ಯಾವುದು ಮೂಲ, ಯಾವುದು ಗುರಿ ಅಂತ ಸೀರಿಯಲ್ ನಂಬರ್ ನೋಡಿ ಖಚಿತ ಮಾಡ್ಕೊಳ್ಳಿ. ತಿರುಗುಮುರುಗಾದ್ರೆ ಖಾಲಿ ಡಿಸ್ಕು ಫೋಟೋಗಳ ಮೇಲೆ ಕೂರುತ್ತೆ. ಎಲ್ಲೆಲ್ಲಿ ನಕಲಾಯ್ತು ಅಂತ ಬರೆದಿಡೋ ಮ್ಯಾಪ್ ಫೈಲ್ ಮೂರನೇ ಡ್ರೈವಿನಲ್ಲಿರಲಿ. ಮಿರರ್ ಆಮೇಲೆ, ಎರಡು ಆರೋಗ್ಯವಂತ ಡಿಸ್ಕುಗಳ ನಡುವೆ. ಸದ್ದು ಜೋರಾದ್ರೆ ಏನೂ ಮಾಡದೆ ಡೇಟಾ ರಿಕವರಿಯವರಿಗೆ ಕೊಡಿ.

ಸದಸ್ಯ 4: ಇಷ್ಟೆಲ್ಲ ಯಾಕೆ, ಮಿರರ್ ಕೆಲಸ ತಾನೇ ನೋಡಿಕೊಳ್ಳೋ ರೇಡ್ ಕಾರ್ಡ್ ಹಾಕಿದ್ರೆ ಮುಗೀತು.

ಸದಸ್ಯ 5: ಕಾರ್ಡ್ ಸತ್ರೆ ಅದೇ ಜಾತಿಯ ಕಾರ್ಡ್ ಹುಡುಕ್ತಾ ಅಲೀತೀರಾ? ಲಿನಕ್ಸಿನಲ್ಲಿ ಸಿಗೋ ಫೈಲ್ ವ್ಯವಸ್ಥೆ ಝಡ್‌ಎಫ್‌ಎಸ್ ಇದ್ರೆ ಇರೋ ಒಂಟಿ ಡಿಸ್ಕಿಗೇ ಅಟ್ಯಾಚ್ ಕಮಾಂಡ್ ಕೊಟ್ಟು ಹೊಸದನ್ನ ಸೇರಿಸಿ ಮಿರರ್ ಮಾಡಬಹುದು.

ಸದಸ್ಯ 4: ವಿಂಡೋಸ್ ಬಳಸೋರಿಗೆ ಝಡ್‌ಎಫ್‌ಎಸ್ ಪುರಾಣ ಯಾಕೆ?

ಸದಸ್ಯ 5: ಪ್ರಶ್ನೆ ಓದದೆ ‘ಕಾರ್ಡ್ ಹಾಕಿ’ ಅಂದೋರು ಯಾರು?

ಸದಸ್ಯ 6: ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್ ಸೇರಿಸಿ ಮಿರರ್ ಮಾಡಬಹುದಾ?

ಸದಸ್ಯ 7: ಕಂಪ್ಯೂಟರ್ ಶುರುವಾಗೋವಾಗಿನ ಸೆಟ್ಟಿಂಗ್, ಅಂದ್ರೆ ಬಯೋಸ್‌ನಲ್ಲಿ ಎಎಚ್‌ಸಿಐ (ಡಿಸ್ಕಿನ ಮಾಮೂಲಿ ಮೋಡ್) ಬಿಟ್ಟು ರೇಡ್ ಅಂತ ಇಟ್ಟೆ, ವಿಂಡೋಸ್ ಏಳ್ತಾನೇ ಇಲ್ಲ.

ತಂತ್ರಜ್ಞ: ವಾಪಸ್ ಎಎಚ್‌ಸಿಐ ಇಡಿ. ರೇಡ್ ಮೆನುವಿನಲ್ಲಿ ವಾಲ್ಯೂಮ್ ಕ್ರಿಯೇಟ್ ಒತ್ತಬೇಡಿ.

ಸದಸ್ಯ 8: ಸರ್, ಮಿರರ್ ಇದ್ರೆ ಬ್ಯಾಕಪ್ ಬೇಕಾ?

ತಂತ್ರಜ್ಞ: ಮೇಲೆ ಓದಿ. 4, 5, ನಿಮ್ಮ ಜಗಳ ಬೇರೆ ಕಡೆ ಇಟ್ಕೊಳ್ಳಿ, ಇಲ್ಲಿ ಒಬ್ಬರ ಡಿಸ್ಕ್ ಸಾಯ್ತಿದೆ.

ಸದಸ್ಯೆ 3: ಡಿಡಿರೆಸ್ಕ್ಯೂ ಓಡ್ತಿದೆ. ಸದ್ದು ಹೆಚ್ಚಿಲ್ಲ, ಆದ್ರೆ ವೇಗ ಬಿದ್ದಿದೆ, ಡಿಸ್ಕ್ ತುಂಬಾ ಬಿಸಿ. ನಿಲ್ಲಿಸಲಾ?

ತಂತ್ರಜ್ಞ: ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ತಣ್ಣಗಾಗಲಿ. ಅದೇ ಮ್ಯಾಪ್ ಫೈಲ್ ಕೊಟ್ಟು ಮತ್ತೆ ಓಡಿಸಿದ್ರೆ ಬಿಟ್ಟಲ್ಲಿಂದ ಮುಂದುವರಿಯುತ್ತೆ. ಡಿಸ್ಕಿಗೆ ಫ್ಯಾನ್ ಗಾಳಿ ಬೀಳೋ ಹಾಗೆ ಇಡಿ.