ಹಳೆ ಕಂಪ್ಯೂಟರ್ ಗುಜರಿಗೆ ಹಾಕುವ ಮೊದಲು: ಐಟಿ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ದಕ್ಷಿಣ ಕನ್ನಡ, ಉಡುಪಿಯ ಕಾಲೇಜು ಸಿಬ್ಬಂದಿಯ ಈ ಗುಂಪಿನಲ್ಲಿ ಇವತ್ತು ಹಳೆ ಕಂಪ್ಯೂಟರ್ ವಿಲೇವಾರಿ ಬಗ್ಗೆ ಕೇಳಬಹುದು. ಉತ್ತರ ಕೊಡುವವರು ವಿಶ್ವವಿದ್ಯಾಲಯವೊಂದರ ಐಟಿ ವಿಭಾಗದ ಮೇಡಂ. ಕಾಲೇಜಿನ ಹೆಸರು, ಫೋನ್ ನಂಬರ್ ಹಾಕಬೇಡಿ.

ಲ್ಯಾಬ್ ಸಹಾಯಕ, ಮೂಡುಬಿದಿರೆ: ಮೇಡಂ, ನಮ್ಮ ಲ್ಯಾಬಿನಲ್ಲಿ 30 ಹಳೆ ಸಿಸ್ಟಮ್ ಉಂಟು. ರೈಟ್‌ಆಫ್ ಆಗಿದೆ, ಅಂದರೆ ಲೆಕ್ಕದಿಂದ ತೆಗೆದಾಗಿದೆ. ಫಾರ್ಮ್ಯಾಟ್ ಮಾಡಿ ಕೊಟ್ಟರೆ ಸಾಕಲ್ಲ?

ಐಟಿ ಮೇಡಂ: ಸಾಲದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲ್‌ಗಳ ಪಟ್ಟಿ ಮಾತ್ರ ಹೋಗುತ್ತದೆ. ಫೈಲ್ ಅಲ್ಲೇ ಇರುತ್ತದೆ. ನಂಬಿಕೆ ಬರದಿದ್ದರೆ ಫಾರ್ಮ್ಯಾಟ್ ಮಾಡಿದ ಒಂದು ಡಿಸ್ಕಿಗೆ ಫೋಟೋರೆಕ್ ಹಾಕಿ ನೋಡಿ, ಅಳಿಸಿದ ಫೈಲ್ ಹುಡುಕಿ ಕೊಡುವ ಉಚಿತ ಸಾಫ್ಟ್‌ವೇರ್ ಅದು. ಮಕ್ಕಳ ಫೋಟೋ, ಮಾರ್ಕ್ಸ್ ಕಾರ್ಡ್ ಸಾಲಾಗಿ ಎದ್ದು ಬರುತ್ತವೆ.

ತಿರುಗುವ ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯಿಸಿ. ಎನ್‌ವೈಪ್ ಎಂಬ ಸಾಫ್ಟ್‌ವೇರ್ ಸಾಕು. ವಿಂಡೋಸ್‌ನಲ್ಲೇ ಮಾಡುವುದಾದರೆ ಅದರಲ್ಲೇ ಇರುವ ಡಿಸ್ಕ್‌ಪಾರ್ಟ್‌ನಲ್ಲಿ 'ಕ್ಲೀನ್ ಆಲ್' ಕಮಾಂಡ್ ಕೊಡಿ. ಯಾವ ಡಿಸ್ಕ್ ಆರಿಸಿದ್ದೀರಿ ಎಂದು ಎರಡು ಸಲ ನೋಡಿಕೊಳ್ಳಿ, ವಾಪಸ್ ಬರುವುದಿಲ್ಲ. 35 ಸಲ ಬರೆಯಬೇಕು ಎನ್ನುವುದು ಹಳೇ ಕಾಲದ ಮಾತು. ಈಗಿನ ಡಿಸ್ಕಿಗೆ ಒಂದು ಸಲ ಸಾಕು.

ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗ ಇಲ್ಲದ ಚಿಪ್‌ನ ಡಿಸ್ಕಿಗೆ, ಈ ದಾರಿ ನಂಬಬೇಡಿ. ಅದು ನೀವು ಬರೆದದ್ದನ್ನು ತನಗೆ ಬೇಕಾದ ಜಾಗಕ್ಕೆ ಹಾಕುತ್ತದೆ. ಹಳೆಯದು ಬೇರೆ ಮೂಲೆಯಲ್ಲಿ ಉಳಿದಿರಬಹುದು. ಅದಕ್ಕೆ ಡ್ರೈವಿನದ್ದೇ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಕಮಾಂಡ್ ಕೊಡಬೇಕು. ಓಡದೇ ಇರುವ ಡಿಸ್ಕನ್ನು ಒರೆಸಲು ಆಗುವುದಿಲ್ಲ, ಪುಡಿ ಮಾಡಿಸಬೇಕು.

ಇನ್ನೊಂದು. ಕ್ಯಾಬಿನೆಟ್ ತೆಗೆದು, ಎರಡು ಕೇಬಲ್ ಎಳೆದು ದೊಡ್ಡ ಡಿಸ್ಕ್ ಹೊರಗೆ ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮದರ್‌ಬೋರ್ಡಿನ ಮೇಲೆ ಒಂದೇ ಒಂದು ಸಣ್ಣ ಸ್ಕ್ರೂ ಹಾಕಿ ಕೂರಿಸಿದ ಬೆರಳುದ್ದದ ಪಟ್ಟಿ ಇರುತ್ತದೆ. ಅದೂ ಡಿಸ್ಕೇ, ಎಂ.2 ಎಸ್‌ಎಸ್‌ಡಿ. ನಮ್ಮ ಕರಾವಳಿ ಹವೆಗೆ ಆ ಸ್ಕ್ರೂ ತುಕ್ಕು ಹಿಡಿದು ಬರುವುದಿಲ್ಲ ಎಂದು ಅಲ್ಲೇ ಬಿಟ್ಟವರೂ ಇದ್ದಾರೆ. ಬಿಡಬೇಡಿ.

ಕಾಮರ್ಸ್ ಲೆಕ್ಚರರ್, ಕುಂದಾಪುರ: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: 'ಹಾರ್ಡ್ ಡಿಸ್ಕನ್ನು ಸ್ಪೀಕರ್ ಮ್ಯಾಗ್ನೆಟ್ ಮೇಲೆ ರಾತ್ರಿಯಿಡೀ ಇಡಿ ಅಥವಾ ಮೈಕ್ರೋವೇವ್‌ನಲ್ಲಿ 1 ನಿಮಿಷ ಇಡಿ ಅಥವಾ ಉಪ್ಪುನೀರಿನಲ್ಲಿ ಕುದಿಸಿ. ಯಾವ ಹ್ಯಾಕರ್‌ಗೂ ಸಿಗುವುದಿಲ್ಲ.'

ಐಟಿ ಮೇಡಂ: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಸ್ಪೀಕರಿನ ಮ್ಯಾಗ್ನೆಟ್‌ನಿಂದ ಈಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ಡಿಸ್ಕ್ ಅಳಿಸಲೆಂದೇ ಮಾಡಿದ ಬಲವಾದ ಮ್ಯಾಗ್ನೆಟ್ ಯಂತ್ರ, ಡಿಗಾಸರ್, ಬೇರೆ, ಅದೂ ಎಸ್‌ಎಸ್‌ಡಿಗೆ ಉಪಯೋಗ ಇಲ್ಲ. ಮೈಕ್ರೋವೇವ್‌ನಲ್ಲಿ ಲೋಹ ಇಟ್ಟರೆ ಬೆಂಕಿ ಹತ್ತಬಹುದು. ನೀರಿಗೆ ಹಾಕಿದ ಡಿಸ್ಕನ್ನು ತೊಳೆದು ಓದುವವರಿದ್ದಾರೆ.

ಗ್ರಂಥಪಾಲಕಿ, ಉಡುಪಿ: ನಮ್ಮಲ್ಲಿ ಬೆರಳಚ್ಚಿನ ಹಾಜರಿ ಯಂತ್ರ ಎರಡು ಮೂಲೆಯಲ್ಲಿ ಬಿದ್ದಿವೆ. ಅದರಲ್ಲೂ ಏನಾದರೂ ಇರುತ್ತದಾ?

ಪರೀಕ್ಷಾ ವಿಭಾಗ, ಮಂಗಳೂರು: ಮೇಡಂ, ಅರ್ಜೆಂಟ್. ಕಳೆದ ಶುಕ್ರವಾರ ಗುಜರಿಯವರ ಟೆಂಪೋದಲ್ಲಿ ನಮ್ಮ 11 ಸಿಪಿಯು ಹೋಯಿತು. ಇವತ್ತು ಪಟ್ಟಿ ನೋಡಿದರೆ ಅದರಲ್ಲಿ ಕೆಲವು ಮರುಮೌಲ್ಯಮಾಪನದ ಟೇಬಲಿನವು. ಡಿಸ್ಕ್ ತೆಗೆದಿರಲಿಲ್ಲ. ಫಾರ್ಮ್ಯಾಟ್ ಆಗಿದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು. ಹೇಳಿದರೆ ನನ್ನ ತಲೆಗೇ ಬರುತ್ತದೆ. ಎಂತ ಮಾಡುವುದು?

ಐಟಿ ಮೇಡಂ: ಸುಮ್ಮನೆ ಮಾತ್ರ ಇರಬೇಡಿ. ಉಳಿದವರ ಪ್ರಶ್ನೆ ಸ್ವಲ್ಪ ಕಾಯಲಿ.

ಈಗಲೇ ಗುಜರಿಯವರಿಗೆ ಫೋನ್ ಮಾಡಿ. ಬಿಚ್ಚಬೇಡಿ, ಬೇರೆಯವರಿಗೆ ಕೊಡಬೇಡಿ, ನಾವು ಬರುತ್ತಿದ್ದೇವೆ ಎನ್ನಿ. ಜೋರು ಮಾಡಬೇಡಿ. ಅವರು ದುಡ್ಡು ಕೊಟ್ಟು ಕೊಂಡವರು, ತಪ್ಪು ಅವರದಲ್ಲ. ಕೇಳಿದಷ್ಟು ಕೊಟ್ಟು ಡಿಸ್ಕ್ ವಾಪಸ್ ತನ್ನಿ. ನಾಳೆ ಎಂದರೆ ತಡ. ಬಾಡಿ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ ಹೋಗುತ್ತದೆ. ಚೆನ್ನಾಗಿರುವ ಡಿಸ್ಕ್ ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತದೆ.

ಹೋಗುವಾಗ ಬರೀ ಸ್ಟಾಕ್ ರಿಜಿಸ್ಟರ್ ಹಿಡಿದುಕೊಂಡು ಹೋಗಬೇಡಿ. ಅದರಲ್ಲಿರುವುದು ಕ್ಯಾಬಿನೆಟ್ ಮೇಲೆ ಬಣ್ಣದಲ್ಲಿ ಬರೆದ ನಂಬರ್. ಡಿಸ್ಕಿಗೆ ಬೇರೆಯೇ ಸೀರಿಯಲ್ ನಂಬರ್, ಅದರ ಲೇಬಲ್ ಮೇಲೆ ಬಾರ್‌ಕೋಡ್ ಹತ್ತಿರ ಸಣ್ಣ ಅಕ್ಷರದಲ್ಲಿ ಇರುತ್ತದೆ. ಖರೀದಿಯ ಬಿಲ್ಲಿನ ಜೊತೆ ಬಂದ ಪಟ್ಟಿಯಲ್ಲೋ ನಿಮ್ಮ ಐಟಿಯವರ ಹಾರ್ಡ್‌ವೇರ್ ಪಟ್ಟಿಯಲ್ಲೋ ಅದು ಸಿಗಬಹುದು. ಹುಡುಕಿಸಿ. 11 ಡಿಸ್ಕ್ ಕೈಗೆ ಬಂದರೆ ಸಾಲದು, ನಿಮ್ಮದೇ 11 ಆಗಿರಬೇಕು.

ಅಷ್ಟರಲ್ಲಿ ಇನ್ನೊಬ್ಬರು ಆಫೀಸಿನಲ್ಲಿ ಕೂತು ಆ ಯಂತ್ರಗಳಲ್ಲಿ ಕೆಲಸ ಮಾಡಿದ ಎಲ್ಲರ ಪಾಸ್‌ವರ್ಡ್ ಬದಲಿಸಲಿ. ಮೇಲ್, ಫಲಿತಾಂಶದ ಸಾಫ್ಟ್‌ವೇರ್, ಬ್ಯಾಂಕ್, ಎಲ್ಲವೂ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸದವರು ಯಾವ ಆಫೀಸಿನಲ್ಲೂ ಇಲ್ಲ.

ಇವತ್ತೇ ಮೌಲ್ಯಮಾಪನ ಕುಲಸಚಿವರಿಗೆ ಬರೆದು ಕೊಡಿ. ಯಾವಾಗ, ಎಷ್ಟು, ಯಾರಿಗೆ ಹೋಯಿತು, ಅದರಲ್ಲಿ ಏನೇನು ಇದ್ದಿರಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಡೇಟಾ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಮಗೆ ತಿಳಿಸಬೇಕು ಎಂದು ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಹೊರಡಿಸಿದೆ. ತಿಳಿಸುವ ತೀರ್ಮಾನ ಮೇಲಿನವರದು. ಅವರಿಗೆ ಗೊತ್ತಾದರೆ ತಾನೇ ತೀರ್ಮಾನ? ಸುರಕ್ಷತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇಟ್ಟಿದ್ದಾರೆ. ಇದು ಗುಮಾಸ್ತರೊಬ್ಬರು ಮುಚ್ಚಿಟ್ಟುಕೊಂಡು ಹೊರುವ ವಿಷಯ ಅಲ್ಲ.

ತಲೆಗೆ ಬರುತ್ತದೆ ಎಂದಿರಿ. ಗೇಟ್ ಪಾಸಿಗೆ ಸಹಿ ಯಾರದು? ರೈಟ್‌ಆಫ್ ಕಮಿಟಿಯ ನಡಾವಳಿಯಲ್ಲಿ ಡಿಸ್ಕ್ ಬಗ್ಗೆ ಒಂದು ಸಾಲಾದರೂ ಉಂಟಾ? ಇರಲಿಕ್ಕಿಲ್ಲ. ಆ ಪ್ರತಿ ಇಟ್ಟುಕೊಳ್ಳಿ. ಮೊದಲು ಹೇಳಿದವರು ನೀವೇ ಆಗಿರುವುದು ನಿಮಗೇ ಒಳ್ಳೆಯದು.

ಕಾಮರ್ಸ್ ಲೆಕ್ಚರರ್, ಕುಂದಾಪುರ: ಇಷ್ಟು ಹೆದರಿಸುವುದು ಯಾಕೆ ಮೇಡಂ? ಗುಜರಿಯವರಿಗೆ ನಮ್ಮ ಮಾರ್ಕ್ಸ್ ಲಿಸ್ಟ್ ಕಟ್ಟಿಕೊಂಡು ಏನಾಗಬೇಕು?

ಐಟಿ ಮೇಡಂ: ಅವರಿಗೆ ಬೇಡ. ಅವರಿಂದ ಡಿಸ್ಕ್ ಕೊಂಡವರಿಗೆ ಬೇಕಾಗಬಹುದು. ಅಮೆರಿಕದ ಎಂಐಟಿಯ ಇಬ್ಬರು ಸೆಕೆಂಡ್ ಹ್ಯಾಂಡ್ ಆಗಿ 158 ಡಿಸ್ಕ್ ಕೊಂಡು ನೋಡಿದ ಅಧ್ಯಯನ 2003ರಲ್ಲಿ ಬಂತು. ಓದಲು ಬಂದದ್ದು 129. ಅದರಲ್ಲಿ ಸರಿಯಾಗಿ ಒರೆಸಿದ್ದು 12 ಮಾತ್ರ.

ಆಫೀಸ್ ಸೂಪರಿಂಟೆಂಡೆಂಟ್, ಪುತ್ತೂರು: ಫುಲ್ ಫಾರ್ಮ್ಯಾಟ್ ಮಾಡಿದರೆ?

ಐಟಿ ಮೇಡಂ: ವಿಸ್ಟಾ ಮತ್ತು ನಂತರದ ವಿಂಡೋಸ್‌ನಲ್ಲಿ ಹಾರ್ಡ್ ಡಿಸ್ಕಿಗೆ ಸೊನ್ನೆ ಬರೆಯುತ್ತದೆ, ಡಿಸ್ಕಿನ ಆ ಒಂದು ಭಾಗಕ್ಕೆ (ಪಾರ್ಟಿಶನ್‌ಗೆ) ಮಾತ್ರ. ಇಡೀ ಡಿಸ್ಕಿಗೆ ಅಲ್ಲ.

ಆಫೀಸ್ ಸೂಪರಿಂಟೆಂಡೆಂಟ್, ಪುತ್ತೂರು: ನಮ್ಮದು ಸಣ್ಣ ಕಾಲೇಜು, ಕಂಪ್ಯೂಟರ್ ಬರೀ 200. ಇ-ತ್ಯಾಜ್ಯ ನಿಯಮ 1000 ಇದ್ದವರಿಗೆ ಅಲ್ವಾ?

ಐಟಿ ಮೇಡಂ: 1000 ಕಂಪ್ಯೂಟರ್ ಅಲ್ಲ. 2022ರ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿ ಪ್ರಿಂಟರ್, ಫೋನ್, ಎಸಿ, ಫ್ರಿಜ್ ಎಲ್ಲ ಬರುತ್ತವೆ. ಎಲ್ಲ ಸೇರಿಸಿ ವರ್ಷದಲ್ಲಿ ಯಾವಾಗ 1000 ಮುಟ್ಟಿದರೂ ನೀವು ದೊಡ್ಡ ಬಳಕೆದಾರರು. ಹಾಸ್ಟೆಲ್ ಸೇರಿಸಿ ಎಣಿಸಿ ನೋಡಿ. 1000 ಮುಟ್ಟಿದರೆ ನೋಂದಾಯಿತ ಉತ್ಪಾದಕರು, ನವೀಕರಿಸುವವರು ಅಥವಾ ಮರುಬಳಕೆದಾರರಿಗೆ ಮಾತ್ರ ಕೊಡಬೇಕು. ಯುಪಿಎಸ್ ಬ್ಯಾಟರಿಗೆ ಬೇರೆ ನಿಯಮ, ಇದರ ಜೊತೆ ಸೇರಿಸಬೇಡಿ.

ಲ್ಯಾಬ್ ಸಹಾಯಕ, ಮೂಡುಬಿದಿರೆ: ನೋಂದಣಿ ಇದ್ದವರು ಕೆಜಿ ಲೆಕ್ಕದಲ್ಲಿ ಚಿಲ್ಲರೆ ಕೊಡುತ್ತಾರೆ. ಬಂದರಿನ ಗುಜರಿಯವರು ಒಳ್ಳೆ ರೇಟ್ ಕೊಡುತ್ತಾರೆ. ಆಡಿಟ್‌ನವರು ಕಡಿಮೆಗೆ ಕೊಟ್ಟದ್ದು ಯಾಕೆ ಎಂದು ಕೇಳಿದರೆ?

ಗ್ರಂಥಪಾಲಕಿ, ಉಡುಪಿ: ಒಳ್ಳೆ ರೇಟ್ ಎಲ್ಲಿಂದ ಬರುತ್ತದೆ ಗೊತ್ತುಂಟಾ? ತಾಮ್ರಕ್ಕಾಗಿ ವಯರ್ ಸುಡುತ್ತಾರೆ, ಬೋರ್ಡನ್ನು ಆಸಿಡ್‌ಗೆ ಹಾಕುತ್ತಾರೆ. ಆ ಹೊಗೆ ಕುಡಿಯುವವರು ಯಾರದೋ ಮನೆಯ ಮಕ್ಕಳು.

ಲ್ಯಾಬ್ ಸಹಾಯಕ, ಮೂಡುಬಿದಿರೆ: ಎಲ್ಲ ಗುಜರಿಯವರೂ ಸುಡುವುದಿಲ್ಲ ಮೇಡಂ. ನಮ್ಮ ಮಾವನದ್ದೇ ಅಂಗಡಿ. ಬಿಚ್ಚಿ, ಬೇರೆ ಮಾಡಿ ಮಾರುವುದು. ಅವರ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ?

ಕಾಮರ್ಸ್ ಲೆಕ್ಚರರ್, ಕುಂದಾಪುರ: ಜಗಳ ಯಾಕೆ? ಸರಕಾರಿ ಶಾಲೆಗೆ ದಾನ ಕೊಟ್ಟರೆ ಆಯಿತು. ಪುಣ್ಯವೂ ಬರುತ್ತದೆ.

ಶಾಲಾ ಶಿಕ್ಷಕ, ಕಾರ್ಕಳ: ಸರ್, ಆ ದಾನ ತೆಗೆದುಕೊಂಡವರು ನಾವು. ಫೋಟೋ ತೆಗೆಸಿಕೊಂಡು ಹೋದರು. ಹತ್ತರಲ್ಲಿ ಏಳು ಆನ್ ಆಗಲಿಲ್ಲ. ಆ ಡಬ್ಬ ಮಾನಿಟರ್‌ಗಳು ಇವತ್ತಿಗೂ ಅಕ್ಷರದಾಸೋಹದ ಅಕ್ಕಿ ಮೂಟೆಯ ಪಕ್ಕ ಬಿದ್ದಿವೆ. ಬಿಸಾಡಲು ನಮಗೆ ಅನುಮತಿ ಇಲ್ಲ. ನಿಮ್ಮ ಕಸ ನಮ್ಮ ಶಾಲೆಗೆ ಬೇಡ.

ಕಾಮರ್ಸ್ ಲೆಕ್ಚರರ್, ಕುಂದಾಪುರ: ಕೊಟ್ಟದ್ದಕ್ಕೆ ಈ ಮಾತಾ? ಬೇಡದಿದ್ದರೆ ಆಗಲೇ ಹೇಳಬೇಕಿತ್ತು ಮಾರಾಯ್ರೆ.

ಐಟಿ ಮೇಡಂ: ಮೇಷ್ಟ್ರು ಹೇಳಿದ್ದು ಸರಿ. ಆ ಡಬ್ಬ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ, ಮಕ್ಕಳ ಅಕ್ಕಿಯ ಹತ್ತಿರ ಇಡುವ ವಸ್ತುವೇ ಅಲ್ಲ. ಶಾಲೆಗೆ ಕೊಡುವುದಾದರೆ ಓಡುವ ಯಂತ್ರ ಕೊಡಿ. ಹಳೆ ಡಿಸ್ಕ್ ತೆಗೆದು ಹೊಸ ಎಸ್‌ಎಸ್‌ಡಿ ಹಾಕಿ ಕೊಡಿ. ಕೆಟ್ಟರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬರೆದು ಕೊಡಿ. ಅಷ್ಟು ಆಗದಿದ್ದರೆ ಕೊಡಬೇಡಿ. ಮತ್ತೆ ಲ್ಯಾಬಿನವರೇ, ನಿಮ್ಮ ಮಾವ ಒಳ್ಳೆಯವರೇ ಇರಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಉಂಟಾ ಎನ್ನುವುದಷ್ಟೇ ಪ್ರಶ್ನೆ. ಆಡಿಟ್‌ನವರಿಗೆ ನಿಯಮದ ಪ್ರತಿ ತೋರಿಸಿ. ಸೀರಿಯಲ್ ನಂಬರ್ ಹಾಕಿದ ನಾಶಪತ್ರ ತೆಗೆದುಕೊಳ್ಳಿ. '30 ನಗ ಡಿಸ್ಕ್ ನಾಶ' ಎಂದು ಬರೆದ ಚೀಟಿಗೆ ಬೆಲೆ ಇಲ್ಲ.

ಗ್ರಂಥಪಾಲಕಿ, ಉಡುಪಿ: ಬಾಡಿಗೆಯ ಜೆರಾಕ್ಸ್ ಯಂತ್ರ ಈ ತಿಂಗಳು ವಾಪಸ್ ಹೋಗುತ್ತದೆ. ಅದಕ್ಕೂ ಏನಾದರೂ ಮಾಡಬೇಕಾ?

ಐಟಿ ಮೇಡಂ: ಒಳ್ಳೆ ಪ್ರಶ್ನೆ. ಆಫೀಸಿನ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇರುವುದು ಜಾಸ್ತಿ. ಸ್ಕ್ಯಾನ್ ಮಾಡಿದ್ದು, ಪ್ರಿಂಟ್ ಕೊಟ್ಟದ್ದು ಅದರಲ್ಲಿ ಉಳಿದಿರಬಹುದು. ಪ್ರಶ್ನೆಪತ್ರಿಕೆ ತೆಗೆದ ಯಂತ್ರವಾದರಂತೂ ಬಿಡಲೇಬೇಡಿ. ಅಡ್ಮಿನ್ ಮೆನುವಿನಲ್ಲಿ ಡೇಟಾ ಅಳಿಸುವ ಆಯ್ಕೆ ಹುಡುಕಿ. ಕಂಪನಿಯ ಹುಡುಗ ನಿಮ್ಮ ಎದುರೇ ಮಾಡಲಿ, ಆಮೇಲೆ ಸಹಿ ಹಾಕಿ.

ಆಫೀಸ್ ಸೂಪರಿಂಟೆಂಡೆಂಟ್, ಪುತ್ತೂರು: ಡಿಸ್ಕಿಗೆ ಡ್ರಿಲ್ ಹಾಕಿ ಒಂದು ತೂತು ಮಾಡಿದರೆ ಸಾಕಾ?

ಐಟಿ ಮೇಡಂ: ಇಲ್ಲ.

ಕಾಮರ್ಸ್ ಲೆಕ್ಚರರ್, ಕುಂದಾಪುರ: ಹಾಗಾದರೆ ಫಾರ್ಮ್ಯಾಟ್ ಮಾಡಿ ಅದರ ಮೇಲೆ ಸಿನಿಮಾ ತುಂಬಿಸಿದರೆ?

ಐಟಿ ಮೇಡಂ: ಸರ್, ಮೇಲೆ ಬರೆದದ್ದನ್ನು ಓದಿ. ನಾನು ಇನ್ನು ಇದಕ್ಕೆ ಉತ್ತರ ಕೊಡುವುದಿಲ್ಲ.

ಕಾಮರ್ಸ್ ಲೆಕ್ಚರರ್, ಕುಂದಾಪುರ: ಕೇಳಿದ್ದಕ್ಕೆ ಹೀಗೆ ಮಾತಾಡುವುದಾದರೆ ಗುಂಪು ಯಾಕೆ?

ಅಡ್ಮಿನ್: ಸರ್, ಸಾಕು. ಫಾರ್ಮ್ಯಾಟ್ ಪ್ರಶ್ನೆ ಇನ್ನು ಬಂದರೆ ತೆಗೆಯುತ್ತೇನೆ.

ಪರೀಕ್ಷಾ ವಿಭಾಗ, ಮಂಗಳೂರು: ಮೇಡಂ, ಹೋಗಿ ಬಂದೆವು. 9 ಸಿಕ್ಕಿತು, ನಂಬರ್ ತಾಳೆ ಆಯಿತು. 2 ಮಾರಾಟ ಆಗಿದೆಯಂತೆ, ಯಾರಿಗೆ ಎಂದು ನೆನಪಿಲ್ಲ ಎನ್ನುತ್ತಾರೆ. ಕುಲಸಚಿವರಿಗೆ ಪತ್ರ ಕೊಟ್ಟಿದ್ದೇನೆ.

ಐಟಿ ಮೇಡಂ: ಒಳ್ಳೆಯದು ಮಾಡಿದಿರಿ. ಆ 9ನ್ನು ಯಾರೂ ಆನ್ ಮಾಡಿ ನೋಡಬೇಡಿ. ಸೀಲ್ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಉಳಿದ 2 ಯಾರ ಟೇಬಲಿನವು, ಅವರು ಯಾವ ಸೆಮಿಸ್ಟರಿನ ಕೆಲಸ ಮಾಡುತ್ತಿದ್ದರು ಎಂದು ಬರೆಸಿಕೊಳ್ಳಿ. ಯಾವ ವಿದ್ಯಾರ್ಥಿಗಳಿಗೆ ತಿಳಿಸಬೇಕು ಎನ್ನುವುದು ಅದರಿಂದಲೇ ಗೊತ್ತಾಗುವುದು. ಆ ಪಟ್ಟಿಯೂ ಇವತ್ತೇ ಕುಲಸಚಿವರ ಕೈಗೆ ಹೋಗಲಿ.