ಅಟ್ಲಾಂಟಿಕ್ ಪ್ರವಾಹ ಹೊತ್ತೊಯ್ಯುವ ಶಾಖ: ನನ್ನ ಲೆಕ್ಕ ಎರಡು ಪಟ್ಟು ಯಾಕೆ ಬರುತ್ತಿದೆ?

ಪ್ರಶ್ನೆ: ಮೇಡಂ, 26.5 ಡಿಗ್ರಿ ಉತ್ತರದಲ್ಲಿ ಅಟ್ಲಾಂಟಿಕ್ ಎಷ್ಟು ಶಾಖ ಸಾಗಿಸುತ್ತದೆ ಅಂತ ಲೆಕ್ಕ ಹಾಕುತ್ತಿದ್ದೇನೆ. ಫ್ಲೋರಿಡಾ ಮತ್ತು ಬಹಾಮಾಸ್ ನಡುವೆ ಉತ್ತರಕ್ಕೆ ಹರಿಯುವ ಫ್ಲೋರಿಡಾ ಪ್ರವಾಹ 32 ಸ್ವರ್ಡ್ರಪ್ (1 ಸ್ವರ್ಡ್ರಪ್ ಅಂದರೆ ಸೆಕೆಂಡಿಗೆ 10 ಲಕ್ಷ ಘನಮೀಟರ್), ಉಷ್ಣತೆ ಸುಮಾರು 19 ಡಿಗ್ರಿ, ಒಂದು ಘನಮೀಟರನ್ನು ಒಂದು ಡಿಗ್ರಿ ಬಿಸಿಮಾಡಲು 41 ಲಕ್ಷ ಜೂಲ್. ಗುಣಿಸಿದರೆ 2.5 ಪೆಟಾವ್ಯಾಟ್ (1 ಪೆಟಾವ್ಯಾಟ್ ಅಂದರೆ ಹತ್ತು ಕೋಟಿ ಕೋಟಿಯ ಹತ್ತು ಪಟ್ಟು, 10^15 ವ್ಯಾಟ್). ಎಲ್ಲ ಕಡೆ ಸುಮಾರು 1.2 ಅಂತ ಓದುತ್ತೇನೆ. ತಪ್ಪೆಲ್ಲಿ?

ಉತ್ತರ: ಅದೇ ಗುಣಾಕಾರವನ್ನು ಮೈನಸ್ 273 ಡಿಗ್ರಿಯನ್ನು ಸೊನ್ನೆ ಅನ್ನುವ ಕೆಲ್ವಿನ್‌ನಲ್ಲಿ ಮಾಡಿ ನೋಡಿ, 38 ಪೆಟಾವ್ಯಾಟ್ ಬರುತ್ತದೆ. ಸೊನ್ನೆಯನ್ನು ಎಲ್ಲಿಟ್ಟಿರಿ ಅನ್ನುವುದರ ಮೇಲೆ ಉತ್ತರ ಬದಲಾದರೆ ಅದು ಶಾಖ ಸಾಗಣೆಯಲ್ಲ. ಉತ್ತರಕ್ಕೆ ಹೋದ ನೀರು ವಾಪಸ್ ಬರಲೇಬೇಕು. ಆ ವಾಪಸಾತಿಯನ್ನೂ ಸೇರಿಸಿದಾಗಲೇ ಸೊನ್ನೆಯ ಪ್ರಶ್ನೆ ಅಳಿಯುತ್ತದೆ.

ಮೊದಲು ನೀರಿನ ಲೆಕ್ಕ ಕೂಡಿಸಿ. ಫ್ಲೋರಿಡಾ ಪ್ರವಾಹ 32, ಮೇಲ್ಮೈಯಲ್ಲಿ ಗಾಳಿ ತಳ್ಳುವ ಎಕ್ಮನ್ ಹರಿವು ಸುಮಾರು 3.5, ಎರಡೂ ಉತ್ತರಕ್ಕೆ. ಬಹಾಮಾಸ್‌ನಿಂದ ಆಫ್ರಿಕಾದವರೆಗಿನ ಮೇಲ್ಪದರದಲ್ಲಿ ಸುಮಾರು 18.5 ದಕ್ಷಿಣಕ್ಕೆ. ಮಿಕ್ಕ 17 ಆಳದಲ್ಲಿ ತಣ್ಣಗಾಗಿ ಹಿಂದಿರುಗುತ್ತದೆ. ಮೇಲಿನ ನೀರಿಗೂ ಆಳದ ನೀರಿಗೂ 16 ಡಿಗ್ರಿ ಅಂತರ ಇಟ್ಟುಕೊಂಡರೆ 1.1 ಪೆಟಾವ್ಯಾಟ್. ಒಂದೇ ಆಳದಲ್ಲಿ ಬೆಚ್ಚನೆ ನೀರು ಪಶ್ಚಿಮ ಅಂಚಿನಲ್ಲಿ ಹೋಗಿ, ತುಸು ತಣ್ಣನೆಯದು ಪೂರ್ವದಲ್ಲಿ ಬರುವುದರಿಂದ ಇನ್ನೂ ಸ್ವಲ್ಪ ಕೂಡುತ್ತದೆ.

19 ಡಿಗ್ರಿ ಅನ್ನುವುದು ಹರಿವಿನ ತೂಕ ಕೊಟ್ಟ ಸರಾಸರಿ ಆಗಿರಬೇಕು, ಎಚ್ಚರ. ಬೆಚ್ಚನೆ ನೀರು ಮೇಲೆ, ವೇಗವೂ ಅಲ್ಲೇ ಹೆಚ್ಚು. ಬರೀ ಸರಾಸರಿ ತೆಗೆದರೆ ಕಡಿಮೆ ಬರುತ್ತದೆ. ಫ್ಲೋರಿಡಾ ಮತ್ತು ಬಹಾಮಾಸ್ ನಡುವಿನ ಸಮುದ್ರತಳದ ಕೇಬಲ್ 1982ರಿಂದ ಅಳೆಯುತ್ತ ಬಂದದ್ದು ಹರಿವನ್ನು ಮಾತ್ರ: ಉಪ್ಪುನೀರು ಭೂಮಿಯ ಕಾಂತಕ್ಷೇತ್ರ ದಾಟುವಾಗ ಹುಟ್ಟುವ ವೋಲ್ಟೇಜ್ ಅದು. ಉಷ್ಣತೆಗೆ ಹಡಗಿನ ಅಳತೆ ಬೇಕೇಬೇಕು.

ಪ್ರಶ್ನೆ: ಎಲ್ಲ ಕೂಡಿಸಿದ ಮೇಲೂ 1 ಸ್ವರ್ಡ್ರಪ್ ಮಿಗುತ್ತಿದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಕೆಲ್ವಿನ್‌ನಲ್ಲಿ ಆ ಒಂದೇ ಸ್ವರ್ಡ್ರಪ್ 1.2 ಪೆಟಾವ್ಯಾಟ್, ಅಂದರೆ ನಿಮ್ಮ ಇಡೀ ಉತ್ತರದಷ್ಟು! ಸಾಗರದ ಅಡ್ಡಸೀಳಿನ ಉದ್ದಗಲಕ್ಕೂ ಒಂದೇ ವೇಗವಾಗಿ ಹರಡಿ ಕಳೆಯಿರಿ. ಮೇಲ್ಪದರದಿಂದ ಮಾತ್ರ ಕಳೆದಿರೋ, ಆಳದಿಂದ ಮಾತ್ರ ಕಳೆದಿರೋ, ಅಷ್ಟಕ್ಕೇ ಉತ್ತರ ಸುಮಾರು 0.07 ಪೆಟಾವ್ಯಾಟ್ ಆಚೀಚೆ ಆಗುತ್ತದೆ.

ಲಂಗರು ಹಾಕಿದ ಉಪಕರಣಗಳ ದತ್ತಾಂಶ ಬಳಸುತ್ತಿದ್ದರೆ ಲವಣಾಂಶದ ಸೆನ್ಸರ್ ಜಾರುವಿಕೆಯನ್ನೂ (ಅದರ ಅಳತೆ ಕಾಲಕ್ರಮೇಣ ತಪ್ಪುತ್ತ ಹೋಗುವುದನ್ನು) ನೋಡಿ. ನೀರಿಗಿಳಿಸುವ ಮೊದಲು, ಮೇಲೆತ್ತಿದ ನಂತರ, ಎರಡು ಸಲವೂ ಹಡಗಿನ ಸಿಟಿಡಿ (ಲವಣಾಂಶ, ಉಷ್ಣತೆ, ಆಳ ಅಳೆಯುವ ಉಪಕರಣ) ಚೌಕಟ್ಟಿಗೆ ಕಟ್ಟಿ ಆಳಕ್ಕಿಳಿಸಿ, ಕೆಲವು ಆಳಗಳಲ್ಲಿ ನಿಮಿಷಗಟ್ಟಲೆ ನಿಲ್ಲಿಸಿ ಹೋಲಿಸಿರಬೇಕು. ಪೂರ್ವ, ಪಶ್ಚಿಮ ಅಂಚುಗಳ ಸಾಂದ್ರತೆಯ ವ್ಯತ್ಯಾಸದಿಂದಲೇ ನಡುವಿನ ಹರಿವು ಬರುವುದರಿಂದ ಒಂದು ಕಡೆಯ ಜಾರುವಿಕೆ ಸುಳ್ಳು ಪ್ರವಾಹವಾಗಿ ಕಾಣಿಸುತ್ತದೆ.

ಪ್ರಶ್ನೆ: ಹಿಂದೂ ಮಹಾಸಾಗರಕ್ಕೂ ಇದೇ ವಿಧಾನ ನಡೆಯುತ್ತದೆಯೇ?

ಉತ್ತರ: ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳಿಗೆ ಉತ್ತರದಲ್ಲಿ ನೆಲವೇ ಅಡ್ಡ, ಹಾಗಾಗಿ ಸಮಭಾಜಕದ ಹತ್ತಿರದ ಸೀಳಿನಲ್ಲಿ ನೀರಿನ ಲೆಕ್ಕ ಸರಿಹೊಂದುತ್ತದೆ. ಅಲ್ಲಿ ವರ್ಷದ ಸರಾಸರಿ ಶಾಖ ಹೋಗುವುದು ದಕ್ಷಿಣಕ್ಕೆ. ಇನ್ನೂ ದಕ್ಷಿಣಕ್ಕೆ ಇಳಿದರೆ ಇಂಡೋನೇಷ್ಯಾದ ಜಲಸಂಧಿಗಳಿಂದ ಸುಮಾರು 15 ಸ್ವರ್ಡ್ರಪ್ ಒಳಬರುತ್ತದೆ. ಅದನ್ನು ಸೇರಿಸದೆ ಬಂದ ಸಂಖ್ಯೆಯನ್ನು 'ಉಷ್ಣತೆಯ ಸಾಗಣೆ' ಅಂತ ಮಾತ್ರ ಬರೆಯಿರಿ, ಯಾವ ಸೊನ್ನೆಗೆ ಹೋಲಿಸಿದ್ದು ಅನ್ನುವುದನ್ನೂ ಪಕ್ಕದಲ್ಲೇ ನಮೂದಿಸಿ.