ಬಾಡಿಗೆ ಫ್ಲಾಟ್ ಮನೆ ಅನ್ನಿಸುತ್ತಿಲ್ಲ ಎಂದಿದ್ದಕ್ಕೆ

ನಿನ್ನ ಧ್ವನಿ ಸಂದೇಶವನ್ನು ಸಾವಧಾನವಾಗಿ ಕೇಳಿದೆ. ಫ್ಲಾಟಿಗೆ ಬಂದು ತಿಂಗಳುಗಳು ಕಳೆದರೂ ಅರ್ಧದಷ್ಟು ಪೆಟ್ಟಿಗೆಗಳನ್ನು ಬಿಚ್ಚಿಲ್ಲ, ಕೆಲಸ ಮುಗಿಸಿ ಬಂದರೆ ಕೂರಲು ಮನಸ್ಸೇ ಬರುವುದಿಲ್ಲ, ನಮ್ಮದಲ್ಲದ ಮನೆಗೆ ಯಾಕೆ ಖರ್ಚು ಮಾಡಬೇಕು ಎಂದು ಕೇಳಿದ್ದೀಯ. ಗುಂಪಿನಲ್ಲಿ ಕೆಲವರು ಸ್ವಂತ ಮನೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದ್ದಾರೆ. ಅವರ ಕಾಳಜಿಯ ಮೇಲೆ ನನಗೆ ಗೌರವವಿದೆ, ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಸ್ವಂತ ಮನೆಯಾಗುವವರೆಗಿನ ವರ್ಷಗಳೂ ನಿನ್ನ ಆಯುಷ್ಯದ ವರ್ಷಗಳೇ. ಅವನ್ನು ನಿಲ್ದಾಣದಲ್ಲಿ ಗಂಟುಮೂಟೆ ಕಟ್ಟಿಕೊಂಡು ಕುಳಿತವರಂತೆ ಕಳೆಯುವುದು ನನಗೆ ಸರಿಕಾಣುವುದಿಲ್ಲ.

ಖರ್ಚಿನ ಪ್ರಶ್ನೆಗೆ ನನ್ನ ಉತ್ತರ ಸರಳ. ಮನೆ ಬಿಡುವಾಗ ಜೊತೆಗೆ ಒಯ್ಯಬಹುದಾದ ವಸ್ತುವಿಗೆ ಹಣ ಹಾಕು. ಗೋಡೆಗೋ ನೆಲಕ್ಕೋ ಅಂಟಿಕೊಂಡು ಅಲ್ಲೇ ಉಳಿಯುವಂಥದ್ದಕ್ಕೆ ಹಾಕಬೇಡ. ದೀಪ, ಪರದೆ, ನೆಲಹಾಸು, ಬಿಡಿಬಿಡಿಯಾಗಿ ಕಳಚಬಹುದಾದ ಕಪಾಟು ಇವೆಲ್ಲ ಮುಂದಿನ ಮನೆಗೂ ನಿನ್ನ ಜೊತೆಯೇ ಬರುತ್ತವೆ.

ಮೊದಲು ಬೆಳಕನ್ನು ಸರಿಪಡಿಸಿಕೋ, ಏಕೆಂದರೆ ಇಷ್ಟು ಕಡಿಮೆ ಹಣದಲ್ಲಿ ಕೋಣೆಯನ್ನು ಇಷ್ಟು ಬದಲಿಸುವ ಬೇರೆ ಉಪಾಯ ನನಗೆ ಗೊತ್ತಿಲ್ಲ. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಚಾವಣಿಯ ನಡುವೆ ಒಂದೇ ಬಿಳಿ ದೀಪವಿರುತ್ತದೆ. ಅದು ಎಲ್ಲವನ್ನೂ ಒಂದೇ ಸಮನೆ ಬೆಳಗುತ್ತದೆ, ಹಾಗಾಗಿ ಕೋಣೆಯಲ್ಲಿ ಕುಳಿತುಕೊಳ್ಳಲು ಕರೆಯುವ ಮೂಲೆಯೇ ಇರುವುದಿಲ್ಲ. ಬಲ್ಬಿನ ಪೊಟ್ಟಣದ ಮೇಲಿರುವ ವಾಟ್ ಸಂಖ್ಯೆ ವಿದ್ಯುತ್ ಬಳಕೆಯನ್ನಷ್ಟೇ ಹೇಳುತ್ತದೆ, ಬೆಳಕಿನ ಬಣ್ಣವನ್ನು ತಿಳಿಸುವುದು ಕೆಲ್ವಿನ್ ಸಂಖ್ಯೆ. 6500 ಕೆಲ್ವಿನ್ ಎಂದಿದ್ದರೆ ಅದು ನೀಲಿಛಾಯೆಯ ಬಿಳಿ ಬೆಳಕು, 2700 ಎಂದಿದ್ದರೆ ಹಳದಿಛಾಯೆಯ ಬೆಚ್ಚನೆಯ ಬೆಳಕು. ಸಂಜೆಯ ಹೊತ್ತಿಗೆ ಚಾವಣಿಯ ದೀಪವನ್ನು ಆರಿಸಿ, 2700 ಕೆಲ್ವಿನ್‌ನ ಎರಡು ಮೂರು ಚಿಕ್ಕ ದೀಪಗಳನ್ನು ಬೇರೆಬೇರೆ ಮೂಲೆಗಳಲ್ಲಿ, ಕುಳಿತವರ ಕಣ್ಣಿನ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುವಂತೆ ಇಡು. ಒಂದೇ ಕೋಣೆಯಲ್ಲಿ ಎರಡು ಬಣ್ಣದ ಬೆಳಕನ್ನು ಬೆರೆಸಬೇಡ. ಅದು ಕಣ್ಣಿಗೆ ಕಿರಿಕಿರಿ. ನೀನು ತೆಗೆದಿಟ್ಟ ಹಳೆಯ ಬಲ್ಬು, ಹಿಡಿಕೆ, ಪರದೆಯ ಸರಳು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹೆಸರು ಬರೆದು ಇಟ್ಟರೆ, ಮನೆ ಬಿಡುವಾಗ ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಬಹುದು.

ಬೆಳಕಿನ ನಂತರ ಸದ್ದು. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಖಾಲಿಖಾಲಿ ಎನ್ನಿಸುವುದಕ್ಕೆ ಅರ್ಧ ಕಾರಣ ಕಿವಿಯೇ ಎಂದು ನಾನು ನಂಬಿದ್ದೇನೆ. ಹಾಲ್‌ನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡು. ಸದ್ದು ಗಣಗಣ ಎಂದು ಸ್ವಲ್ಪ ಹೊತ್ತು ಉಳಿದರೆ, ಬರಿಯ ಗೋಡೆಯೂ ಗಟ್ಟಿ ನೆಲವೂ ಅದನ್ನು ಹೀರಿಕೊಳ್ಳದೆ ಹಿಂದಕ್ಕೆ ಎಸೆಯುತ್ತಿವೆ ಎಂದರ್ಥ. ದಪ್ಪ ಪರದೆ, ಬಟ್ಟೆಯ ಹೊದಿಕೆಯಿರುವ ಸೋಫಾ, ನೆಲಹಾಸು, ಪುಸ್ತಕ ತುಂಬಿದ ಕಪಾಟು ಸದ್ದನ್ನು ತಗ್ಗಿಸುತ್ತವೆ. ನೆಲಹಾಸಿನ ಕೆಳಗೆ ದಪ್ಪ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ಮೆತ್ತನೆಯ ಬಟ್ಟೆ) ಹಾಕಿದರೆ ಕೆಳಗಿನ ಮನೆಯವರಿಗೆ ನಿನ್ನ ಹೆಜ್ಜೆಯ ಸದ್ದೂ ಕಡಿಮೆಯಾಗುತ್ತದೆ. ಅವರ ಜೊತೆ ಸೌಹಾರ್ದವಿದ್ದರೆ ಅದೂ ಮನೆಯ ನೆಮ್ಮದಿಯ ಭಾಗವೇ.

ಗೋಡೆಯ ವಿಷಯದಲ್ಲಿ ಹೆದರಬೇಕಾಗಿಲ್ಲ. ಮೊಳೆ ಹೊಡೆಯುವ ಮೊದಲು ಮಾಲೀಕರ ಅನುಮತಿಯನ್ನು ಬರಹದಲ್ಲಿ ಪಡೆ, ಎಲ್ಲ ಗೋಡೆಗಳ ಫೋಟೋ ತೆಗೆದು ಅವರಿಗೂ ಕಳಿಸಿಡು. ಅನುಮತಿ ಸಿಗದಿದ್ದರೆ ಎಳೆದು ತೆಗೆಯಬಹುದಾದ ಅಂಟುಪಟ್ಟಿಗಳಿವೆ; ಗೋಡೆಯನ್ನು ಒರೆಸಿ ಒಣಗಿಸಿ ಅಂಟಿಸಬೇಕು, ಪೊಟ್ಟಣದ ಮೇಲೆ ಬರೆದ ಭಾರವನ್ನು ಮೀರಬಾರದು, ತೆಗೆಯುವಾಗ ನಿನ್ನ ಕಡೆಗೆ ಎಳೆಯದೆ ಗೋಡೆಗೆ ಒರಗಿದಂತೆ ನೇರ ಕೆಳಕ್ಕೆ ನಿಧಾನವಾಗಿ ಎಳೆಯಬೇಕು. ಅವಸರಪಟ್ಟರೆ ಬಣ್ಣ ಕಿತ್ತುಬರುತ್ತದೆ.

ಇನ್ನು ನಿನ್ನ ಪೆಟ್ಟಿಗೆಗಳ ವಿಷಯ. ಮೈಕೆಲ್ ನಾರ್ಟನ್, ಡೇನಿಯಲ್ ಮೊಚನ್ ಮತ್ತು ಡ್ಯಾನ್ ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಜನ ತಮ್ಮ ಕೈಯಾರೆ ಜೋಡಿಸಿದ ಸಾಧಾರಣ ಪೆಟ್ಟಿಗೆಗೆ, ಮಡಚಿದ ಕಾಗದದ ಆಕೃತಿಗೆ ಹೆಚ್ಚಿನ ಬೆಲೆ ಕಟ್ಟುತ್ತಾರೆ ಎಂದು ಅವರು ಕಂಡುಕೊಂಡರು; ಬಿಡಿಭಾಗಗಳನ್ನು ಕೊಂಡವರೇ ಜೋಡಿಸಿಕೊಳ್ಳುವ ಪೀಠೋಪಕರಣ ಮಾರುವ ಐಕಿಯಾ ಕಂಪನಿಯ ಹೆಸರಿನಿಂದ ಅದಕ್ಕೆ ಐಕಿಯಾ ಪರಿಣಾಮ ಎಂಬ ಹೆಸರೂ ಬಿತ್ತು. ನನಗೆ ಮುಖ್ಯವಾಗಿ ಕಂಡದ್ದು ಅದರ ಇನ್ನೊಂದು ಭಾಗ: ಕೆಲಸವನ್ನು ಅರ್ಧಕ್ಕೆ ಬಿಟ್ಟಾಗ ಅಥವಾ ಕಟ್ಟಿದ್ದನ್ನು ಮತ್ತೆ ಬಿಚ್ಚಿದಾಗ ಆ ಮಮತೆ ಕಾಣಿಸಲಿಲ್ಲ. ನೀನು ಪ್ರತಿ ಕೋಣೆಯಲ್ಲೂ ಸ್ವಲ್ಪ ಸ್ವಲ್ಪ ಕೆಲಸ ಶುರುಮಾಡಿ ಯಾವುದನ್ನೂ ಮುಗಿಸಿಲ್ಲ ಎಂದೆಯಲ್ಲ, ಮನಸ್ಸು ಅಂಟಿಕೊಳ್ಳದಿರಲು ಅದೂ ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಇಡೀ ಫ್ಲಾಟನ್ನು ಮರೆತುಬಿಡು. ನೀನು ದಿನವೂ ಕೂರುವ ಒಂದೇ ಮೂಲೆಯನ್ನು ಆರಿಸಿಕೊಂಡು, ಅಲ್ಲಿಗೆ ಸೇರಬೇಕಾದ ವಸ್ತುಗಳಿರುವ ಪೆಟ್ಟಿಗೆಯನ್ನಷ್ಟೇ ಬಿಚ್ಚಿ, ದೀಪ, ಕುರ್ಚಿ, ಪುಸ್ತಕ ಇಡುವ ಜಾಗ, ಚಾರ್ಜರ್ ಚುಚ್ಚುವ ಪ್ಲಗ್ಗಿನವರೆಗೆ ಎಲ್ಲವನ್ನೂ ಪೂರ್ತಿ ಮುಗಿಸು. ಅದು ಮುಗಿಯುವವರೆಗೆ ಪಕ್ಕದ ಕೋಣೆಗೆ ಕೈಹಾಕಬೇಡ.

ನೆಲಹಾಸನ್ನು ಮಾತ್ರ ಅಳತೆಯಿಲ್ಲದೆ ಕೊಳ್ಳಬೇಡ. ಸೋಫಾದ ಮುಂದಿನ ಕಾಲುಗಳಾದರೂ ಅದರ ಮೇಲೆ ಬರುವಷ್ಟು ದೊಡ್ಡದಿರಬೇಕು. ಚಿಕ್ಕದನ್ನು ಹಾಸಿದರೆ ಕೋಣೆ ಇನ್ನಷ್ಟು ಬರಿದಾಗಿ ಕಾಣುತ್ತದೆ. ಹಾಲ್‌ನ ಉದ್ದಗಲ, ಬಾಗಿಲು ತೆರೆಯುವ ದಿಕ್ಕು, ಪ್ಲಗ್ಗುಗಳಿರುವ ಜಾಗ ಇವಿಷ್ಟನ್ನು ಒಂದು ಹಾಳೆಯಲ್ಲಿ ಗುರುತಿಸಿ ನನಗೆ ಕಳಿಸು, ಯಾವುದು ಎಲ್ಲಿಗೆ ಹೊಂದುತ್ತದೆ ಎಂದು ಇಬ್ಬರೂ ಸೇರಿ ನೋಡೋಣ.